ದವಡೆಯ ಎರಡು ಹಲ್ಲು

ಸ್ಕ್ರೂ ಹಾಕಿ ಕೂರಿಸಿದ ಹಲ್ಲನ್ನು ಉಜ್ಜಿದರೆ ಸ್ಕ್ರೂ ಸಡಿಲವಾಗುತ್ತದೆ ಎಂದು ಸೊಣ್ಣಮ್ಮ ನಂಬಿದ್ದಳು. ಬೆಳಿಗ್ಗೆ ಉಳಿದ ಹಲ್ಲುಗಳನ್ನೆಲ್ಲ ಚೆನ್ನಾಗಿ ತಿಕ್ಕಿ, ಬಲ ದವಡೆಯ ಆ ಎರಡನ್ನು ಮಾತ್ರ ಮುಟ್ಟದೆ ಬಿಡುತ್ತಿದ್ದಳು. ಎಲೆ ಅಡಿಕೆ ಅಗಿಯುವುದು ಅವುಗಳಲ್ಲೇ. ಗಟ್ಟಿ ಹಲ್ಲು ಇರುವುದು ಮತ್ತೆ ಯಾತಕ್ಕೆ?

ಅತ್ತೆ ಬಾಯಿ ಮುಕ್ಕಳಿಸಿ ಉಗಿದ ನೀರಿನಲ್ಲಿ ರಕ್ತ ಕಂಡು, ಸೊಸೆ ಶಿಲ್ಪ ಅವಳನ್ನು ಬಾಗಲೂರಿನಿಂದ ಸಂಜಯನಗರದ ಕ್ಲಿನಿಕ್ಕಿಗೆ ಕರೆದೊಯ್ದಳು. ಹಲ್ಲು ಕೂರಿಸಿದ್ದ ಡಾಕ್ಟರ್ ತೇಜಸ್ವಿನಿಯೇ ಇದ್ದರು. ವಸಡು ಒತ್ತಿದರೆ ಕೀವು ಬಂತು.

"ಅಮ್ಮಾ, ಇವೆರಡನ್ನ ಉಜ್ಜೋದೇ ಇಲ್ವಾ?"

"ಕಬ್ಬಿಣಕ್ಕೆ ಉಳ ಇಡೀತದಾ ತಾಯಿ?"

"ಹಲ್ಲಿಗೆ ಹಿಡಿಯಲ್ಲ. ಸುತ್ತ ಇರೋ ವಸಡು ನಿಮ್ಮದೇ ಅಲ್ವಾ? ಕೊಳೆ ಕೂತು ಬಾತಿದೆ. ಹಿಂಗೇ ಬಿಟ್ರೆ ಒಳಗೆ ಮೂಳೆ ಕರಗುತ್ತೆ. ಆಮೇಲೆ ಸ್ಕ್ರೂ ಏನನ್ನ ಹಿಡ್ಕೊಂಡು ನಿಲ್ಬೇಕು?"

"ನೋವೇ ಇಲ್ಲವಲ್ಲ."

"ನೋವು ಬರೋಷ್ಟೊತ್ತಿಗೆ ಹಲ್ಲು ಕೈಗೆ ಬಂದಿರುತ್ತೆ."

ಡಾಕ್ಟರು ವಸಡಿನ ಸಂದಿಯನ್ನೆಲ್ಲ ಕೆರೆದು ತೊಳೆದರು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದೊಂದನ್ನು ಕೊಟ್ಟು, ಬುಡದಲ್ಲಿ ತೂರಿಸಿ ಉಜ್ಜುವುದನ್ನು ಕನ್ನಡಿ ಹಿಡಿದು ಕಲಿಸಿದರು. "ಕಡ್ಡಿಪುಡಿ ಪೂರ್ತಿ ಬಿಡ್ಬೇಕು. ಎಲೆ ಅಡಿಕೆನೂ. ಮೂರು ತಿಂಗಳಿಗೆ ಬನ್ನಿ, ನೋಡೋಣ."

ಹೊಗೆಸೊಪ್ಪಿನ ಆ ಕಡ್ಡಿಪುಡಿ ಬಿಡುವುದು ಕಷ್ಟವೇನಲ್ಲ ಎಂದುಕೊಂಡಳು ಸೊಣ್ಣಮ್ಮ. ಎಡ ದವಡೆಯಲ್ಲೂ ಅಗಿಯುವ ಹಲ್ಲಿಲ್ಲದೆ, ಈ ಹಲ್ಲು ಬರುವ ಮುಂಚೆ ಅವರೆಕಾಳನ್ನೂ ಮಿಕ್ಸಿಗೆ ಹಾಕಿಸಿಕೊಂಡು ನುಂಗುತ್ತಿದ್ದವಳು. ಮತ್ತೆ ಆ ಗೊಜ್ಜು ತಿನ್ನಲು ಅವಳು ತಯಾರಿರಲಿಲ್ಲ.

ಕಷ್ಟವಿದ್ದದ್ದು ಜಗಲಿಯಲ್ಲಿ. ಜಮೀನು ಮಾರಿ ಕಟ್ಟಿಸಿದ ಮೂರಂತಸ್ತಿನ ಮನೆಯಲ್ಲಿ ಮಗ ಅಶ್ವತ್ಥ್ ಮೇಲೆ, ಹಿಂದಿ ಮಾತಾಡುವ ಬಾಡಿಗೆಯವರು ನಡುವೆ, ಅವಳು ಕೆಳಗೆ. ಮಾತುಕತೆ ಏನಿದ್ದರೂ ಸಂಜೆ ಎದುರು ಮನೆ ನಾರಾಯಣಮ್ಮನ ಜಗಲಿಯಲ್ಲಿ, ಗೋಪಾಲಮ್ಮನ ಜೊತೆ. ನಾರಾಯಣಮ್ಮ ಸುಣ್ಣ ಹಚ್ಚಿ ಎಲೆ ಮಡಿಸಿ ಕೊಡುತ್ತಿದ್ದಳು. ಮಡಿಸಿ ಕೊಟ್ಟದ್ದನ್ನು ಬೇಡ ಎಂದರೆ ಆ ಬೀದಿಯಲ್ಲಿ ಮಾತು ಬಿಟ್ಟ ಹಾಗೆ. ಆಸ್ತಿ ಪಾಲಿನ ಜಗಳದ ದಿನ ಹಾಗೆ ಕೈ ಅಡ್ಡ ಹಿಡಿದ ಓರಗಿತ್ತಿಯ ಜೊತೆ ನಾರಾಯಣಮ್ಮ ಇವತ್ತಿಗೂ ಮಾತಾಡುವುದಿಲ್ಲ.

ಹಾಗಾಗಿ ಸೊಣ್ಣಮ್ಮ ಬೇಡ ಎನ್ನಲಿಲ್ಲ. ಎಲೆ ಇಸಿದುಕೊಂಡು ಸೆರಗಿನಲ್ಲಿ ಅಡಗಿಸಿ, ಬರಿ ಬಾಯಿ ಆಡಿಸುತ್ತ ಕೂತಳು. ಎದ್ದು ಹೋಗುವಾಗ ಚರಂಡಿಗೆ ಹಾಕಿದಳು. ದಿನವೂ ಅದೇ ಆಯಿತು. ಹೇಳಿಬಿಟ್ಟಿದ್ದರೆ ಒಂದು ದಿನದ ಮುನಿಸಿಗೆ ಮುಗಿಯುತ್ತಿತ್ತೇನೋ.

ಒಂದು ಬೆಳಿಗ್ಗೆ ಚರಂಡಿ ಕಟ್ಟಿಕೊಂಡಿತು. ಕೋಲು ಹಾಕಿ ಎಳೆದವಳು ನಾರಾಯಣಮ್ಮ. ನೋಡಲು ಬಂದ ಸೊಣ್ಣಮ್ಮ, ಗೋಪಾಲಮ್ಮನ ಎದುರೇ ಎಲೆಗಳು ಮಡಿಕೆ ಕೂಡ ಬಿಚ್ಚದೆ ಮೇಲೆ ಬಂದವು.

"ನಾನು ಮಡಿಸಿ ಕೊಟ್ಟಿದ್ದು ಚರಂಡಿಗಾ ಸೊಣ್ಣಿ?"

"ಡಾಕ್ಟ್ರು ಬೇಡ ಅಂದವ್ರೆ ಕಣಕ್ಕ. ವಸಡು ಬಾತೈತೆ, ನೋಡು ಇಲ್ಲಿ." ಸೊಣ್ಣಮ್ಮ ಕೆನ್ನೆ ಎಳೆದು ಬಾಯಿ ತೆರೆದಳು.

ಗೋಪಾಲಮ್ಮ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. "ವಸಡಂತೆ! ಒಸಾ ಅಲ್ಲು ತೋರ್ಸಾಕೆ ಬಂದವ್ಳೆ. ಓಗಮ್ಮ, ಜಮೀನು ಮಾರಿ ಇಂಗೆ ಬಾಯಿ ತುಂಬಾ ಕಟ್ಟಿಸ್ಕೊಂಡೋರಿಗೆ ನಮ್ಮ ಎಲೆ ಯಾಕೆ ರುಚಿಸ್ತದೆ?"

ನಾರಾಯಣಮ್ಮ ನಗಲಿಲ್ಲ. ಸೊಂಟದ ಎಲೆಚೀಲದ ದಾರ ಬಿಗಿದು ಒಳಗೆ ಹೋದಳು. ಆ ಸಂಜೆ ಸೊಣ್ಣಮ್ಮ ಹೋಗಿ ಕೂತಾಗ ಎಲೆ ಗೋಪಾಲಮ್ಮನಿಗೆ ಮಾತ್ರ ಬಂತು. ಮರುದಿನ ಸೊಣ್ಣಮ್ಮ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಮೂರು ತಿಂಗಳಿಗೆ ತೇಜಸ್ವಿನಿ ವಸಡು ಒತ್ತಿ ನೋಡಿದರು. ಒಂದು ಹನಿ ರಕ್ತವಿಲ್ಲ.

"ಮೂಳೆ ಉಳೀತು ಅಮ್ಮಾ. ಎಷ್ಟು ನೀಟಾಗಿ ಇಟ್ಕೊಂಡಿದೀರ! ಒಂದಿನಾನೂ ತಪ್ಪಿಸಿಲ್ಲ ಅನ್ಸುತ್ತೆ."

"ಬೇರೆ ಕೆಲಸ ಏನೈತೆ ತಾಯಿ."

ಆ ಸಂಜೆ ಅವಳು ಹುರಿಗಡಲೆಯ ಬಟ್ಟಲು ಹಿಡಿದು ತನ್ನ ಬಾಗಿಲಲ್ಲೇ ಕೂತಳು. ಬಲ ದವಡೆಗೆ ಹಾಕಿ ಕಡಿದಳು. ಹಲ್ಲು ಕಲ್ಲಿನಂತೆ ನಿಂತಿತ್ತು. ಅಗಿಯುವ ಸದ್ದು ತಲೆಯೊಳಗೆ ತುಂಬಿ ಬೇರೇನೂ ಕೇಳಿಸಲಿಲ್ಲ. ನುಂಗಿದ ಮೇಲೆ ಎದುರು ಜಗಲಿಯ ನಗು ಕೇಳಿಸಿತು. ಅವಳು ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡಳು.