ತೊಟ್ಟಿಲ ಮೇಲಿನ ಗಾಜಿನ ಚಂದ್ರ

ಗಾಜಿನ ಕೆಲಸ ಕಲಿಸುವ ಮೇಷ್ಟ್ರು ಮೊದಲ ದಿನವೇ ಕಡ್ಡಿ ಮುರಿದಂತೆ ಹೇಳಿದ್ದರು. "ನೋಡ್ರಮ್ಮ, ಮನೆಯಿಂದ ಒಂದು ಚೂರು ಗಾಜೂ ತರಬೇಡಿ. ಕುಲುಮೇಲಿ ಎಲ್ಲಾ ಗಾಜೂ ಕರಗಿ ಅಂಟಿಕೊಳ್ಳುತ್ತೆ. ಆದ್ರೆ ತಣ್ಣಗಾಗೋವಾಗ ಒಂದೊಂದು ಒಂದೊಂದು ಥರ ಕುಗ್ಗುತ್ತೆ. ಹೊರಗೆ ಚೆಂದ, ಒಳಗೆ ಜಗಳ. ಇವತ್ತಲ್ಲ ನಾಳೆ ಸಿಡಿದೇ ಸಿಡಿಯುತ್ತೆ."

ತರಗತಿಯ ಐವರೂ ತಲೆಯಾಡಿಸಿದರು. ಟೈಲರಕ್ಕ ಎಲ್ಲರಿಗಿಂತ ಜೋರಾಗಿ ಆಡಿಸಿದಳು. ಕುಗ್ಗುವ ಒಳಪದರದ ಅಸ್ತರಿಗೆ ಕುಗ್ಗದ ಬಟ್ಟೆ ಹೊಲಿದರೆ ಒಗೆದ ಮೇಲೆ ಏನಾಗುತ್ತದೆಂದು ಅವಳಿಗೆ ಹೇಳಿಕೊಡಬೇಕೇ? ಗೊತ್ತಿದ್ದೂ ಮಾಡಿದಳಲ್ಲ, ಏನು ಹೇಳೋಣ!

ಅಮ್ಮ ಸತ್ತಾಗ ಅವಳ ಅತ್ತರಿನ ನೀಲಿ ಸೀಸೆಗಾಗಿ ಅಕ್ಕತಂಗಿಯರು ಕಿತ್ತಾಡಿದ್ದರು. "ಒಡೆದೋಯ್ತು" ಎಂದು ಆಣೆಯಿಟ್ಟು ಟೈಲರಕ್ಕ ಅದನ್ನು ಗುಂಡಿಗಳ ಡಬ್ಬದಲ್ಲಿ ಬಚ್ಚಿಟ್ಟಳು. ತಂಗಿ ಎರಡು ವರ್ಷ ಮುಖ ತಿರುಗಿಸಿದ್ದಳು. ಈಗ ಗಂಡುಮಗು ಹುಟ್ಟಿದ ಮೇಲೆ ತಾನಾಗಿ ಫೋನು ಮಾಡಿ, "ಬಾರಕ್ಕ, ನೋಡ್ಕೊಂಡು ಹೋಗು" ಎಂದಿದ್ದಳು. 

ಆಗಲೇ ಟೈಲರಕ್ಕ ಸೀಸೆಯನ್ನು ಒಡೆದದ್ದು. ಒಂದು ಚೂರನ್ನು ಮಸುಕು ಬಿಳಿಯ ಎರಡು ಗಾಜಿನ ಹಾಳೆಗಳ ನಡುವೆ ಅಡಗಿಸಿ ಅಂಗೈಯಗಲದ ಚಂದ್ರ ಮಾಡಿದಳು. ಬೆಳಕಿಗೆ ಹಿಡಿದರಷ್ಟೇ ನೀಲಿ ಕಾಣುತ್ತಿತ್ತು. ಅರ್ಧವನ್ನಾದರೂ ಕೊಟ್ಟಂತಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇನ್ನೊಂದು ಚೂರನ್ನು ತನಗೆಂದು ಮಾಡಿದ ಗಾಜಿನ ಬಟ್ಟಲಿನಲ್ಲಿ ಸೇರಿಸಿದಳು. ಎರಡೂ ಒಂದೇ ದಿನ, ಒಂದೇ ಕುಲುಮೆಯಲ್ಲಿ ಬೆಂದವು. ಚಂದ್ರ ತಂಗಿಯ ಮನೆ ಸೇರಿ ತೊಟ್ಟಿಲ ಮೇಲೆ ತೂಗಾಡಿತು. ಬಟ್ಟಲು ತರಗತಿಯ ಕಪಾಟಿನಲ್ಲೇ ಉಳಿಯಿತು.

ಅದಾಗಿ ಮೂರನೆಯ ವಾರ, ಒಂದು ಮಧ್ಯಾಹ್ನ, ಬಟ್ಟಲು ಟಿಣ್ ಎಂದಿತು. ಯಾರೂ ಹತ್ತಿರವಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಟಿಣ್. ಎಲ್ಲರೂ ತಿರುಗಿ ನೋಡುತ್ತಿದ್ದಂತೆಯೇ ಅದು ಎರಡು ಹೋಳಾಗಿ ಕೆಳಗುರುಳಿ ಚೂರಾಯಿತು. ಮೇಷ್ಟ್ರು ಬಗ್ಗಿ ನೀಲಿ ಅಂಚನ್ನು ನೋಡಿದರು.

"ಹೊರಗಿನ ಗಾಜು ಯಾರಮ್ಮ ಹಾಕಿದ್ದು?"

ಟೈಲರಕ್ಕ ಅಷ್ಟರಲ್ಲಿ ಬಾಗಿಲಾಚೆ ನಿಂತು ತಂಗಿಗೆ ಫೋನು ಒತ್ತುತ್ತಿದ್ದಳು. 

"ಮಗೂನ ತೊಟ್ಟಿಲಿಂದ ಎತ್ತೇ! ಮೊದಲು ಎತ್ತು!"

"ಮೆಲ್ಲಗೆ ಮಾತಾಡಕ್ಕ, ಈಗ ತಾನೇ ನಿದ್ದೆ ಹತ್ತಿದೆ. ನಿನ್ನ ಚಂದ್ರ ಬೆಳಿಗ್ಗೆಯಿಂದ ಟಿಣ್ ಟಿಣ್ ಅಂತಿದೆ. ಅದನ್ನ ಕೇಳ್ತಾ ನಗ್ತಾ ನಗ್ತಾನೇ ಮಲಗಿದ."

ಟೈಲರಕ್ಕ ಏನಾದರೂ ಸುಳ್ಳು ಹೇಳಬಹುದಿತ್ತು, ಹೊಳೆಯಲಿಲ್ಲ.

"ಅದರೊಳಗೆ ಅಮ್ಮನ ಸೀಸೆ ಚೂರಿದೆ ಕಣೇ! ಸಿಡಿಯುತ್ತೆ! ಎತ್ತು!"

ತೊಟ್ಟಿಲ ಕಡೆ ಓಡುವ ಹೆಜ್ಜೆಯ ಸದ್ದಿಗಾಗಿ ಕಿವಿಗೊಟ್ಟಳು. ಕೇಳಲಿಲ್ಲ.

"ಅಮ್ಮನ ಸೀಸೆಯಾ?" ತಂಗಿ ಕೇಳಿದಳು. "ಅಂದ್ರೆ ನಿನ್ನ ಹತ್ರಾನೇ ಇತ್ತಾ? ಆಣೆ ಇಟ್ಟು ಒಡೆದೋಯ್ತು ಅಂದ್ಯಲ್ಲ?"

"ಆಮೇಲೆ ಬೈಯಿ, ನಿನ್ನ ಕಾಲಿಗೆ ಬೀಳ್ತೀನಿ, ಈಗ ಮಗೂನ..."

"ಇಲ್ಲ, ಈಗಲೇ ಹೇಳು. ಇತ್ತೋ ಇಲ್ವೋ?"

ತಂಗಿ ನಿಂತಲ್ಲಿಂದ ಕದಲಿರಲಿಲ್ಲ. ಅವಳ ಬೆನ್ನ ಹಿಂದೆ ಎಲ್ಲೋ, ಫೋನಿನಲ್ಲೂ ಸ್ಪಷ್ಟವಾಗಿ ಕೇಳುವಂತೆ, ಟಿಣ್ ಎಂದಿತು.