ಇಂದ್ರಾಣಿ ಹೇಳಿದ ಹೆಸರು

ವಂಶಿಗೆ ಲಾರಿ ಬಡಿದ ಸುದ್ದಿ ಬಂದಾಗ ಇಂದ್ರಾಣಿ ಹಿಂದೂಪುರದಲ್ಲಿ ತಾನು ಪಿ.ಟಿ. ಟೀಚರಾಗಿದ್ದ ಶಾಲೆಯ ಮೈದಾನದಲ್ಲಿ ಕಬಡ್ಡಿ ಅಂಕಣಕ್ಕೆ ಗೆರೆ ಹಾಕುತ್ತಿದ್ದಳು. ಫೋನ್ ಮಾಡಿದವನು ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರದ ಒಂದು ಢಾಬಾದವನು. ಗೂಡ್ಸ್ ಆಟೋ ನಿಲ್ಲಿಸಿಕೊಂಡು ಸರಕಿನ ಹಗ್ಗ ಬಿಗಿಯುತ್ತಿದ್ದ ಅವಳ ತಮ್ಮನಿಗೆ, ರಿವರ್ಸ್ ಬಂದ ಲಾರಿಯೊಂದು ಗುದ್ದಿತ್ತು.

"ಸರಿ, ಬತ್ತೀನಿ" ಎಂದಳು ಇಂದ್ರಾಣಿ. ಉಳಿದ ಗೆರೆಯನ್ನು ಎಳೆದು ಮುಗಿಸಿ, ಕೈಗೆ ಮೆತ್ತಿದ್ದ ಸುಣ್ಣ ತೊಳೆದುಕೊಂಡು ಹೊರಟಳು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ.

ತಲೆಗೆ ಆಪರೇಷನ್ ಆಯಿತು. ಎಷ್ಟೋ ದಿನಗಳ ಮೇಲೆ ವಂಶಿ ಕಣ್ಣು ತೆರೆದ. ಆದರೆ ಆ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಚಿವುಟಿದರೆ ಮುಖ ಕಿವುಚುತ್ತಿರಲಿಲ್ಲ. ಇನ್ನು ಆಸ್ಪತ್ರೆಯಲ್ಲಿ ಮಾಡುವುದೇನೂ ಉಳಿದಿಲ್ಲ, ಮನೆಯಲ್ಲೇ ನೋಡಿಕೊಳ್ಳಿ, ಎಚ್ಚರ ಬಂದರೂ ಬರಬಹುದು ಎಂದರು ಡಾಕ್ಟರು. ಅವನನ್ನು ಆಂಬುಲೆನ್ಸಿನಲ್ಲಿ ಕಲ್ಯಾಣದುರ್ಗಕ್ಕೆ, ತಾಯಿ ರಾಮಾಂಜಿನಮ್ಮನ ಮನೆಗೆ ಕರೆದುಕೊಂಡು ಹೋದರು. ಇಂದ್ರಾಣಿಯೂ ಶಾಲೆಗೆ ರಜೆ ಹಾಕಿ ಜೊತೆಗೆ ಹೋದಳು. ಅವಳ ಗಂಡ ವೇಣುಗೋಪಾಲ್ ಮನೆಯಲ್ಲೇ ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುವವನು. "ನನ್ ಊಟ ನಾನ್ ನೋಡ್ಕೊಂತೀನಿ. ನೀನು ಅವ್ನ್ ಜತೆಗಿರು" ಎಂದು ಕಳಿಸಿದ.

ಕಲ್ಯಾಣದುರ್ಗದಲ್ಲಿ ದಿನಗಳು ಒಂದೇ ಥರ ಇದ್ದವು. ಇಂದ್ರಾಣಿ ತಮ್ಮನ ಮೈ ಒರೆಸುತ್ತಿದ್ದಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದಳು, ಮೂಗಿನ ಪೈಪಿನಲ್ಲಿ ಗಂಜಿ ತಿಳಿ ಇಳಿಸುತ್ತಿದ್ದಳು, ದುಪ್ಪಟಿ ಒಗೆಯುತ್ತಿದ್ದಳು. ಕೈಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತಿದ್ದವು. ರಾಮಾಂಜಿನಮ್ಮ ಬೆಳಿಗ್ಗೆ ಎದ್ದವಳೇ ಕದಿರಿ ನರಸಿಂಹಸ್ವಾಮಿಯ ಪಟದ ಮುಂದೆ ದೀಪ ಹಚ್ಚಿ, ಎಣ್ಣೆ ತೀರುವ ತನಕ "ನಾರಸಿಂಹ, ನಾರಸಿಂಹ" ಎಂದು ಮಗನ ಕಿವಿಗೆ ಬೀಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು. ಮಗ ಏಳುವವರೆಗೆ ಬಿಡುವುದಿಲ್ಲ ಎಂದು ಹರಸಿಕೊಂಡಿದ್ದಳು.

ಬೇಸಿಗೆ ಬಲಿಯಿತು. ಒಂದು ಬೆಳಿಗ್ಗೆ ದೀಪ ಹಚ್ಚಿರಲಿಲ್ಲ. ರಾಮಾಂಜಿನಮ್ಮ ಬಾಗಿಲಲ್ಲಿ ಕೂತು ರಸ್ತೆ ನೋಡುತ್ತಿದ್ದಳು.

"ಯಾಕಮ್ಮ, ಹುಷಾರಿಲ್ವಾ?" ಎಂದು ಇಂದ್ರಾಣಿ ಕೇಳಿದಳು.

"ಸಾಕಾಯ್ತು ಕಣಮ್ಮ. ಕೇಳೋನಾಗಿದ್ರೆ ಇಷ್ಟೊತ್ಗೆ ಕೇಳಿಸ್ಕೊಂಬುಡ್ತಿದ್ದ. ಇನ್ ನನ್ ಕೈಲಿ ಆಗಾಕಿಲ್ಲ. ಬೇಕಾರೆ ನೀನು ಹಚ್ಚು."

ಇಂದ್ರಾಣಿ ದೇವರನ್ನು ಅಷ್ಟಾಗಿ ಹಚ್ಚಿಕೊಂಡವಳಲ್ಲ. ಆದರೂ ತಾಯಿಯ ಮುಖ ನೋಡಿ ದೀಪ ಹಚ್ಚಿ ಕೂತಳು. ಒಂದೆರಡು ಸಲ ಹೆಸರು ಹೇಳುವಷ್ಟರಲ್ಲಿ ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಎದ್ದು ಬಟ್ಟೆ ಒಗೆಯಲು ಹೋದಳು.

ಅದೇ ವಾರ ಕದಿರಪ್ಪ ಸಾರ್ ನೋಡಲು ಬಂದರು. ಅವಳು ಇದೇ ಊರಿನಲ್ಲಿ ಹೈಸ್ಕೂಲು ಓದುವಾಗ ಕಬಡ್ಡಿ ಕಲಿಸಿದವರು. ಈಗ ರಿಟೈರ್ ಆಗಿ, ಮಂಡಿ ನೋವಿಗೆ ಕೋಲು ಹಿಡಿದು ನಡೆಯುತ್ತಿದ್ದರು. ಅವರು ಆಡಿಸುತ್ತಿದ್ದ ಮೈದಾನದ ನೆಲ ಕೆಂಡದಂತೆ ಕಾದಿರುತ್ತಿತ್ತು. ಮೊಣಕೈ, ಮೊಣಕಾಲು ತರಚಿ, ಆರುವ ಮೊದಲೇ ಮತ್ತೆ ತರಚುತ್ತಿತ್ತು. ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರಾಳಿಗಳ ಅಂಕಣಕ್ಕೆ ನುಗ್ಗುವುದನ್ನು ಅಲ್ಲಿ ಎಲ್ಲರೂ ತೆಲುಗಿನಲ್ಲಿ 'ಕೂತ' ಎಂದೇ ಕರೆಯುತ್ತಿದ್ದರು. ಇಂದ್ರಾಣಿಯ ಕೂತಕ್ಕೆ ಜಿಲ್ಲೆಯಲ್ಲೆಲ್ಲ ಹೆಸರಿತ್ತು.

ಕದಿರಪ್ಪ ವಂಶಿಯ ಹಣೆ ಮುಟ್ಟಿ ನೋಡಿ ಕುರ್ಚಿಯಲ್ಲಿ ಕೂತರು. ಪಟದ ಮುಂದೆ ಆರಿದ ದೀಪ ಕಂಡು, "ಅಮ್ಮ ಪೂಜೆ ಬಿಟ್ಬುಟ್ರಾ? ನೀನಾರಾ ಹೇಳ್ಕೊಂತೀಯೇನಮ್ಮ?" ಎಂದರು.

"ಕೂತ್ಕಂಡೆ ಸಾರ್. ಒಳಗೇನೂ ಆಗಾಕಿಲ್ಲ. ಇವ್ನ್ ಕೈ ಹಿಡ್ಕಂಡ್ರೂ ಅಷ್ಟೇ, ಕಟ್ಟಿಗೆ ಹಿಡ್ಕಂಡಂಗೆ. ಇಂಥ ಮನಸ್ನಾಗೆ ದೇವ್ರ ಹೆಸ್ರು ಹೇಳೋದು ಮೋಸ ಅಲ್ವಾ?"

ಕದಿರಪ್ಪ ಕೋಲನ್ನು ಕುರ್ಚಿಗೆ ಒರಗಿಸಿಟ್ಟರು.

"ಕೂತಕ್ಕೆ ಹೋದಾಗ ಕಬಡ್ಡಿ ಕಬಡ್ಡಿ ಅಂತಿದ್ಯಲ್ಲ, ಅವಾಗ ಏನಾರಾ ಅನ್ನಿಸ್ತಿತ್ತಾ?"

"ಇಲ್ಲ ಸಾರ್. ಕಾಲ್ ಹಿಡ್ದು ಎಳುದ್ರೆ ನೋವೂ ಗೊತ್ತಾಯ್ತಿರ್ಲಿಲ್ಲ."

"ಆದ್ರೂ ನಿಲ್ಲಿಸ್ತಿರ್ಲಿಲ್ಲ. ಅನಂತಪುರದ ಮ್ಯಾಚಲ್ಲಿ ಮೂರ್ ಜನ ನಿನ್ ಮೇಲ್ ಬಿದ್ದಿದ್ರು. ಬಾಯ್ತುಂಬ ಮಣ್ಣು. ಅದ್ರಲ್ಲೇ ಹೇಳ್ಕಂಡು ಹೇಳ್ಕಂಡು ಗೆರೆಗೆ ಬೆರ್ಳು ತಾಗಿಸ್ದೆ."

"ಅದು ಆಟ ಸಾರ್."

"ಹೂಂ, ಆಟ. ನಾನೇನ್ ಪೂಜಾರಿ ಅಲ್ಲ, ದೇವ್ರ ಲೆಕ್ಕ ನಂಗೊತ್ತಿಲ್ಲ. ನಮ್ಮನೆಯಾಕೆ ಹೋದ್ಮೇಲೆ ನಂಗೂ ಹಿಂಗೇ ಆಗಿತ್ತು. ಭಕ್ತಿ ಬರೋದು ಬಿಡೋದು ನಮ್ ಕೈಲಿಲ್ಲ ಕಣಮ್ಮ. ಬಾಯಾಡ್ಸೋದು ನಮ್ ಕೈಲೈತೆ. ನಾನ್ ಅಷ್ಟೇ ಮಾಡ್ದೆ." ಅವರು ಕೋಲು ಊರಿ ಎದ್ದರು. "ಪರ್ವಾಲೇದು, ಆಗ್ದಿದ್ರೆ ಬಿಡು. ಆದ್ರೆ ಮೋಸ ಅಂತ ಬಿಡ್ಬೇಡ."

ಮರುದಿನ ಇಂದ್ರಾಣಿ ದೀಪ ಹಚ್ಚಿದಳು. ತಾಯಿಯಂತೆ ರಾಗವಾಗಿ ಹೇಳಲು ಬರಲಿಲ್ಲ. ಅಂಕಣದಲ್ಲಿ ಹೇಳುತ್ತಿದ್ದಂತೆ, ತಗ್ಗಿದ ದನಿಯಲ್ಲಿ, ಉಸಿರು ಮುಗಿಯುವ ತನಕ ಒಂದೇ ಸಮನೆ ಹೇಳಿದಳು. ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. ಒಳಗೆ ಏನೂ ಆಗಲಿಲ್ಲ. ಎಣ್ಣೆ ತೀರಿತು, ಎದ್ದಳು. ಮಾರನೆಯ ದಿನವೂ ಅಷ್ಟೇ. ಕೆಲವು ದಿನ ಹೇಳುತ್ತ ಹೇಳುತ್ತ ದುಪ್ಪಟಿ ಒಣಗಿತೋ ಇಲ್ಲವೋ ಎಂದು ಯೋಚಿಸುತ್ತಿದ್ದಳು. ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ರಾಮಾಂಜಿನಮ್ಮ ದೀಪದ ಎಣ್ಣೆಯ ಬಾಟಲಿ ಖಾಲಿಯಾದಾಗ ತುಂಬಿಸಿಟ್ಟಳು.

ಮಳೆ ಬಿದ್ದ ಮೇಲೆ, ಒಂದು ಮಧ್ಯಾಹ್ನ, ಮಗ್ಗುಲು ಬದಲಿಸುತ್ತಿದ್ದಾಗ ವಂಶಿ ಸಣ್ಣಗೆ, "ಅಕ್ಕಾ, ನೀಳ್ಳು" ಎಂದು ತೆಲುಗಿನಲ್ಲಿ ನೀರು ಕೇಳಿದ.

ರಾಮಾಂಜಿನಮ್ಮ ಅಡುಗೆಮನೆಯಿಂದ ಓಡಿಬಂದು ಮಗನ ಕಾಲು ತಬ್ಬಿ ಅತ್ತಳು. ಇಂದ್ರಾಣಿ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅವರು ಹೇಳಿದಂತೆ ತಲೆ ಎತ್ತಿ ಹಿಡಿದು, ಚಮಚದ ತುದಿಯಲ್ಲಿ ನೀರು ಮುಟ್ಟಿಸಿದಳು. ಅವನು ನುಂಗಿದ. ಸಂತೋಷವಾಗಬೇಕಿತ್ತು ಎಂದು ಅವಳಿಗೆ ಗೊತ್ತಿತ್ತು. ಲೋಟ ತೊಳೆದಿಟ್ಟಳು.

ಕೆಲವು ದಿನಗಳಲ್ಲೇ ಇನ್ನೊಂದು ಸಂಗತಿ ತಿಳಿಯಿತು. ವಂಶಿ ತಾಯಿಯನ್ನೂ ಅಕ್ಕಾ ಎಂದೇ ಕರೆಯುತ್ತಿದ್ದ, ಕದಿರಪ್ಪ ಸಾರನ್ನೂ ಅಕ್ಕಾ ಎನ್ನುತ್ತಿದ್ದ. ಇಂದ್ರಾಣಿ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನಿಧಾನಕ್ಕೆ ಕೂರುವುದನ್ನು ಕಲಿತ. ಗೋಡೆ ಹಿಡಿದು ನಡೆಯುವುದನ್ನು ಕಲಿತ. ಕೈಯಾರೆ ಅನ್ನ ತಿಂದ. ರಾಮಾಂಜಿನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ, ತನ್ನ ಮಗಳು ಹೇಳಿ ಹೇಳಿ ದೇವರನ್ನು ಎಬ್ಬಿಸಿದಳು ಎಂದು ಕಂಡವರಿಗೆಲ್ಲ ಹೇಳತೊಡಗಿದಳು.

"ಹಂಗನ್ಬ್ಯಾಡಮ್ಮ" ಎಂದಳು ಇಂದ್ರಾಣಿ.

"ಮತ್ತೆ ಹೆಂಗನ್ಲಿ? ನಾನು ಬಿಟ್ಬುಟ್ಟಿದ್ದೆ. ನೀನು ಬಿಡ್ಲಿಲ್ಲ. ಅಷ್ಟಂತೂ ನಿಜ."



ತಾಯಿ ಒಬ್ಬಳೇ ನೋಡಿಕೊಳ್ಳುವಷ್ಟು ವಂಶಿ ಸುಧಾರಿಸಿದ ಮೇಲೆ ಅವಳು ಹಿಂದೂಪುರಕ್ಕೆ ಹೊರಟಳು. "ಹೋಯ್ತೀನಿ ಕಣ್ಲಾ" ಎಂದಾಗ ಅವನು, ಹೊಸಬರಿಗೆ ತಲೆಯಾಡಿಸುವಂತೆ ತಲೆಯಾಡಿಸಿದ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತಿದ್ದವಳಿಗೆ ಹಿಂದೂಪುರ ಹತ್ತಿರವಾಗಿ ಸೋಮಂದೇಪಲ್ಲಿ ದಾಟಿದ್ದೇ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ತನ್ನ ಮನೆಯಲ್ಲಿ ದೀಪ ಹಚ್ಚಿ ಕೂತಳು. ಮಗ್ಗ ಶುರುಮಾಡಲು ಬಂದ ವೇಣುಗೋಪಾಲ್ ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ.

"ಅವ್ನು ಎದ್ನಲ್ಲ. ಇನ್ನೂ ಯಾಕೆ?"

"ಪೂರ್ತಿ ಬಂದಿಲ್ಲ."

"ವಂಶಿನಾ? ಬತ್ತಾನೆ ಬಿಡು, ನಿಧಾನಕ್ಕೆ."

"ನಾನೂ ಬಂದಿಲ್ಲ" ಎಂದಳು ಇಂದ್ರಾಣಿ.

ವೇಣುಗೋಪಾಲ್ ಅವಳನ್ನೇ ನೋಡಿದ. ಸ್ವಿಚ್ಚಿನ ಮೇಲಿದ್ದ ಕೈ ತೆಗೆದು, ಹೊಸಿಲ ಹತ್ತಿರ ಕುಳಿತುಕೊಂಡ. ಪಕ್ಕದ ಮನೆಗಳಲ್ಲಿ ಮಗ್ಗಗಳು ಒಂದೊಂದಾಗಿ ಶುರುವಾದವು. ಇಂದ್ರಾಣಿ ಉಸಿರು ತೆಗೆದುಕೊಂಡು ಹೇಳಲು ತೊಡಗಿದಳು.