ಒಳಕೋಣೆಗೂ ಒಂದು ಟೀವಿ

"ಕಾಕೂ, ಹಾಸಿಗಿ ಮ್ಯಾಲ ಏನರ ಮುಚ್ಚರಿ, ಧೂಳ ಬೀಳ್ತದ," ಎಂದು ಕೇಬಲ್ಲಿನ ಶಿದ್ರಾಮ ಹೇಳುವಷ್ಟರಲ್ಲಿ ಡ್ರಿಲ್ಲು ಗೋಡೆ ಹೊಕ್ಕಾಗಿತ್ತು. ಶಾಲನಬಾಯಿ ಹಾಸಿಗೆ ಮುಚ್ಚಲಿಲ್ಲ. ದಿಂಬಿನ ಮೇಲಿದ್ದ ಜಪಮಾಲೆಯನ್ನಷ್ಟೇ ಎತ್ತಿ ಸೆರಗಿನಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಬೀಳಲಿ ಧೂಳು. ಕೇಳದೆ ತಂದ ಟೀವಿಗಾಗಿ ತಾನೇಕೆ ಚಾದರ ಹುಡುಕಬೇಕು?

ಟೀವಿ ತಂದವನು ಮಗ ಧನ್ಯಕುಮಾರ. ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಅಂಗಡಿ ಅವನದು. ಇದ್ದ ಮಾತನ್ನೆಲ್ಲ ಅಲ್ಲೇ ಖರ್ಚು ಮಾಡಿ, ಬಾಯಿ ಖಾಲಿ ಮಾಡಿಕೊಂಡೇ ಸೇತುವೆ ದಾಟಿ ಸಾಂಗ್ಲಿವಾಡಿಯ ಮನೆಗೆ ಬರುವ ಮನುಷ್ಯ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ, "ಇದು ನಿನಗವ್ವಾ. ನಿನ್ನ ಖೋಲ್ಯಾಗ ಆರಾಮ ಅಡ್ಡಾಗಿ ನೋಡು," ಎಂದಿದ್ದ. ಹೇಳುವಾಗ ಅವಳ ಮುಖ ನೋಡದೆ ಚಪ್ಪಲಿ ನೋಡುತ್ತಿದ್ದ.

ಶಿದ್ರಾಮ ತೂತಿನಿಂದ ಕಪ್ಪು ವೈರು ಎಳೆದು ಹೊಸ ಟೀವಿಯ ಹಿಂದೆ ಸಿಕ್ಕಿಸಿದ. ಸಲಗರೆಯ ಕಡೆಯವನು, ಕನ್ನಡದವನೇ, ಹಾಗಾಗಿ ಶಾಲನಬಾಯಿ ಬಾಯಿಬಿಟ್ಟು ಕೇಳಿದಳು.

"ಅಲ್ಲಪಾ, ಇದರ ಬಾಕ್ಸ್ ಎಲ್ಲಿ?"

"ಬಾಕ್ಸ್ ಒಂದ ಐತ್ರಿ, ಹಾಲ್‌ನಾಗ. ಅದರಿಂದನ ವೈರ್ ತಂದೇನಿ. ಅಲ್ಲಿ ಏನ್ ಹಚ್ತಾರ, ಇಲ್ಲೂ ಅದ ಬರ್ತದ."

"ಅಂದ್ರ ನನಗ ಬೇಕಾದ ಚಾನಲ್ ಹಚ್ಚಾಕ ಬರೂದಿಲ್ಲ?"

"ಬರೂದಿಲ್ರಿ. ಆವಾಜ್ ಏರ್ಸಾಕ ಇಳಸಾಕ ಬರ್ತದ. ಬ್ಯಾರೆ ನೋಡೂದಿದ್ರ ಇನ್ನೊಂದ ಬಾಕ್ಸ್ ಬೇಕ್ರಿ. ಮಾಲಕರಿಗೆ ಹೇಳಿದ್ನಿ, ಬ್ಯಾಡಂದ್ರು."

ಇದೊಳ್ಳೆ ಮಜಾ ಆಯಿತಲ್ಲ ಅಂದುಕೊಂಡಳು ಶಾಲನಬಾಯಿ. ಹಾಲಿನಲ್ಲಿ ಕಾಣುವುದೇ ಇಲ್ಲೂ ಕಾಣುವುದಾದರೆ, ಹಾಲಿನಲ್ಲೇ ಕೂತು ನೋಡಿದರೆ ಏನು ಧಾಡಿ? ಉತ್ತರ ತಿಳಿಯದಷ್ಟು ದಡ್ಡಿಯಲ್ಲ ಆಕೆ. ಟೀವಿ ಬರೀ ನೆಪ, ಅವಳು ಹಾಲಿನಿಂದ ಹೋಗಬೇಕಾಗಿತ್ತು. ಕಿಟಕಿಯ ಪಕ್ಕದ ದಿವಾನದಲ್ಲಿ ಅವಳ ಜಾಗವಿತ್ತು. ಗಂಡ ಇದ್ದಾಗಿನಿಂದ ಅಲ್ಲೇ ಕೂತವಳು. ಅಲ್ಲಿ ಕೂತರೆ ಬಾಗಿಲಿಗೆ ಬಂದವರು ಕಾಣುತ್ತಿದ್ದರು, ಮೊಮ್ಮಗಳು ಮೃಣಾಲ ಕಾಲ ಮೇಲೆ ತಲೆಯಿಟ್ಟು ಟೀವಿ ನೋಡುತ್ತಿದ್ದಳು, ಮನೆಯಲ್ಲಿ ಏನು ನಡೆದರೂ ಅವಳ ಕಣ್ಣು ತಪ್ಪಿ ನಡೆಯುತ್ತಿರಲಿಲ್ಲ. ಆ ಜಾಗ ಹೋಯಿತೆಂದರೆ ಇನ್ನು ಉಳಿಯುವುದು ಈ ಮಂಚ, ಈ ಗೋಡೆ.

ಇದು ಸೊಸೆಯ ಕಾರಭಾರವೇ ಇರಬೇಕು. ಸೋನಲ ಮಿರಜದವಳು, ಮಾತೆಲ್ಲ ಮರಾಠಿ. ಹಾಗಂತ ಚಾನಲ್ಲಿಗಾಗಿ ಜಗಳ ತೆಗೆದವಳೂ ಅಲ್ಲ, ಪಾಪ. ಕನ್ನಡ ಧಾರಾವಾಹಿಯ ಹೊತ್ತಾದರೆ ತಾನಾಗಿಯೇ ರಿಮೋಟ್ ಕೈಗೆ ಕೊಡುತ್ತಿದ್ದಳು. ಮತ್ತೆ ಯಾಕೆ? ಶಾಲನಬಾಯಿಗೆ ಬಗೆಹರಿಯಲಿಲ್ಲ. ಬಗೆಹರಿಯದ್ದಕ್ಕೆ ಸಿಟ್ಟು ಇನ್ನಷ್ಟು ಬಂತು.

ಹೊತ್ತು ಮುಳುಗುವ ಮುಂಚೆ ಎಂದಿನಂತೆ ಅವಳ ಊಟವಾಯಿತು. ಗಂಡ ತೀರಿಕೊಂಡ ವರ್ಷದ ಚಾತುರ್ಮಾಸದಲ್ಲಿ ಬಸದಿಗೆ ಬಂದಿದ್ದ ಮುನಿ ಮಹಾರಾಜರ ಮುಂದೆ ತೆಗೆದುಕೊಂಡ ನೇಮ ಅದು. ಸೂರ್ಯ ಮುಳುಗಿದ ಮೇಲೆ ಅನ್ನವಿಲ್ಲ, ಗುಟುಕು ನೀರೂ ಇಲ್ಲ. ಒಲೆಯ ಹತ್ತಿರವೂ ಹೋಗುತ್ತಿರಲಿಲ್ಲ. ಮನೆಯಲ್ಲಿ ಉಳಿದವರಿಗೆ ಅದು ಸಾಧ್ಯವಿರಲಿಲ್ಲ. ಧನ್ಯಕುಮಾರ ಬರುವ ಹೊತ್ತಿಗೆ ಊರಲ್ಲೆಲ್ಲ ದೀಪ ಹತ್ತಿರುತ್ತಿದ್ದವು. ಅವರು ಮೂವರೂ ಹಾಲಿನಲ್ಲಿ ನೆಲದ ಮೇಲೆ ತಾಟು ಹಚ್ಚಿಕೊಂಡು, ಟೀವಿ ನೋಡುತ್ತ ಉಣ್ಣುತ್ತಿದ್ದರು. ಶಾಲನಬಾಯಿ ದಿವಾನದ ಮೇಲೆ ಕೂತು ಜಪಮಾಲೆ ತಿರುವುತ್ತಿದ್ದಳು. ರಾತ್ರಿ ಉಣ್ಣಬೇಡಿ ಎಂದು ಒಂದು ದಿನವೂ ಒಂದು ಮಾತು ಆಡಿದವಳಲ್ಲ. ಅದರ ಬಗ್ಗೆ ಆಕೆಗೆ ಸ್ವಲ್ಪ ಜಂಬವೇ ಇತ್ತು. ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಧನ್ಯಕುಮಾರ ಎರಡು ಚಪಾತಿ ತಿಂದು ಕೈ ತೊಳೆದುಬಿಡುತ್ತಿದ್ದ. "ವ್ಯಾಪಾರದ ಚಿಂತ್ಯಾಗ ನನ್ನ ಮಗನ ಹಸಿವೇ ಸತ್ತದರಿ," ಎಂದು ಪಕ್ಕದ ಮನೆಯ ಇಂದುಬಾಯಿಯ ಮುಂದೆ ಅವಳು ಆಗಾಗ ಹೇಳಿ ಮರುಗುತ್ತಿದ್ದಳು.

ಆ ಸಂಜೆ ಅವಳು ದಿವಾನಕ್ಕೆ ಹೋಗಲಿಲ್ಲ. ಕಳಿಸಿದ ಮೇಲೆ ಹೋಗಿ ಕೂರುವಷ್ಟು ಮಾನಗೇಡಿಯಲ್ಲ ಎಂದು ಒಳಗೇ ಉಳಿದಳು. ಮೃಣಾಲ ಬಂದು ಟೀವಿ ಹಚ್ಚಿಕೊಟ್ಟು, "ಆಜಿ, ಬಘ, ಕಿತೀ ಛಾನ್!" ಎಷ್ಟು ಚೆಂದ ನೋಡು ಎಂದು ಕುಣಿದು ಹೊರಗೆ ಓಡಿದಳು. ಪರದೆಯ ಮೇಲೆ ಮರಾಠಿಯ ನಗೆಯ ಕಾರ್ಯಕ್ರಮ. ಹಾಲಿನಲ್ಲೂ ಅದೇ. ಒಂದೇ ಮಾತು ಎರಡು ಕಡೆಯಿಂದ ಕಿವಿಗೆ ಬಡಿದು ತಲೆ ಚಿಟ್ಟೆನ್ನತೊಡಗಿತು. ಶಾಲನಬಾಯಿ ತನ್ನ ಟೀವಿಯ ಸದ್ದು ಪೂರ್ತಿ ಇಳಿಸಿದಳು.

ಆಗ ಹಾಲಿನಲ್ಲಿ ನಡೆಯುವುದು ಕೇಳಿಸಿತು.

ಮೊದಲು ತಾಟುಗಳ ಸದ್ದು. ಆಮೇಲೆ ಮಗನ ದನಿ, "ಸೋನಲ, ಅಜೂನ್ ಏಕ್ ದೇ." ಇನ್ನೊಂದು ಕೊಡು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು. ಶಾಲನಬಾಯಿ ಮಂಚದ ಮೇಲೆ ನೆಟ್ಟಗೆ ಕೂತಳು. ಈ ದನಿ ಅವಳಿಗೆ ಗೊತ್ತಿತ್ತು. ಶಾಲೆಯಿಂದ ಬಂದವನೇ ಒಲೆಯ ಮುಂದೆ ಕೂತು, ಹಂಚಿನಿಂದ ಇಳಿಯುವುದಕ್ಕೂ ಬಿಡದೆ ಇನ್ನೊಂದು ಇನ್ನೊಂದು ಎನ್ನುತ್ತಿದ್ದ ಹುಡುಗನ ದನಿ. ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ.

"ಪಪ್ಪಾ, ಕಿತೀ ಖಾತೋಸ್!" ಮೃಣಾಲ ನಕ್ಕಳು, ಎಷ್ಟು ತಿನ್ನುತ್ತೀ ಎಂದು.

"ತಿನ್ನಾಕ ಬಿಡ ನನಗ," ಎಂದ ಧನ್ಯಕುಮಾರ, ಬಾಯಿ ತುಂಬಿಕೊಂಡೇ. "ಅವ್ವ ನೋಡ್ಕೋತ ಕುಂತ್ರ ಗಂಟಲದಾಗ ಇಳೀತಿದ್ದಿಲ್ಲ. ಇವತ್ತ ಹೊಟ್ಟಿ ತುಂಬ್ತು ನೋಡ."

ಸೋನಲ ಶ್ಶ್ ಎಂದಳು. ಟೀವಿಯಲ್ಲಿ ಜನ ಘೊಳ್ಳೆಂದು ನಕ್ಕರು. ಒಳಗಿನ ಪರದೆಯ ಮೇಲೂ ಅವರೇ ಬಾಯಿ ತೆರೆದು, ಸದ್ದಿಲ್ಲದೆ ನಕ್ಕರು.

ಮೊದಲು ಶಾಲನಬಾಯಿಗೆ ಉರಿದುಹೋಯಿತು. ನನ್ನ ಕಣ್ಣೇನು ವಿಷವೇ? ಉಣ್ಣಬೇಡ ಅಂದಿದ್ದೆನೆ ಯಾವತ್ತಾದರೂ? ಅಂದಿರಲಿಲ್ಲ, ನಿಜ. ಆದರೆ ಅವನು ತುತ್ತು ಎತ್ತಿದಾಗಲೆಲ್ಲ ಮಾಲೆ ತಿರುವುವ ಬೆರಳು ನಿಲ್ಲುತ್ತಿತ್ತಲ್ಲ, ಅದು ಅವಳಿಗೆ ಗೊತ್ತಿತ್ತು. ಬೇಕೆಂದೇ ನಿಲ್ಲಿಸುತ್ತಿದ್ದಳು. ಅವನಿಗೆ ಕಾಣಲಿ ಎಂದೇ. ಕಂಡಿತ್ತು. ಮಗ ಇಷ್ಟು ವರ್ಷ ತನ್ನ ಕಣ್ಣೆದುರೇ ಅರೆಹೊಟ್ಟೆಯಲ್ಲಿ ಎದ್ದು ಹೋಗಿದ್ದ, ತಾನು ಊರ ತುಂಬ ಅವನ ಹಸಿವೆ ಸತ್ತಿದೆ ಎಂದು ಹೇಳಿಕೊಂಡು ತಿರುಗಿದ್ದಳು.

ಇಲ್ಲೇ ಕೂತರೆ ಅವನ ಹೊಟ್ಟೆ ತುಂಬುತ್ತದೆ. ದಿವಾನಕ್ಕೆ ಹೋದರೆ ನಾಳೆಯಿಂದ ಮತ್ತೆ ಎರಡೇ ಚಪಾತಿ. ಹೆತ್ತವಳಾದರೆ ಇಲ್ಲೇ ಕೂರಬೇಕು ಎಂದಿತು ಮನಸ್ಸು. ಆದರೆ ಈ ಗೋಡೆ ನೋಡಿಕೊಂಡು ಎಷ್ಟು ದಿನ ಕೂರುವುದು? ಅದೂ ಅವಳಿಂದ ಆಗುವ ಮಾತಲ್ಲ. ಜಪಮಾಲೆಯನ್ನು ದಿಂಬಿನ ಕೆಳಗಿಟ್ಟು ಎದ್ದಳು.

ಅವಳು ಬಾಗಿಲಲ್ಲಿ ಕಂಡದ್ದೇ ತಡ, ಮೃಣಾಲಳ ನಗು ನಿಂತಿತು. ಧನ್ಯಕುಮಾರ, ತಲೆಯಲ್ಲಿ ಬಿಳಿಗೂದಲು ಬಂದ ಮನುಷ್ಯ, ಕೈಕೆಳಗೆ ಹಮಾಲರಿದ್ದವನು, ಮೊಣಕಾಲು ಎತ್ತಿ ಹುಡುಗನ ಹಾಗೆ ತಾಟು ಮರೆಮಾಡಿದ. ಸೋನಲ ಸೆರಗು ಸರಿಮಾಡಿಕೊಂಡು, "ಆಯಿ, ಟೀವಿ ಬಂದ್ ಆತೇನ್ರಿ?" ಎಂದಳು, ತನಗೆ ಬರುವಷ್ಟು ಕನ್ನಡದಲ್ಲಿ.

ಶಾಲನಬಾಯಿ ದಿವಾನವನ್ನು ದಾಟಿ ಅಡುಗೆಮನೆಗೆ ಹೋದಳು. ಕತ್ತಲಾದ ಮೇಲೆ ಅಲ್ಲಿಗೆ ಕಾಲಿಟ್ಟು ಎಷ್ಟೋ ವರ್ಷವಾಗಿದ್ದರಿಂದ ದೀಪದ ಬಟನ್ನು ಕೈಗೆ ಬೇಗ ಸಿಗಲಿಲ್ಲ. ಗೋಡೆ ತಡವುವಾಗ ಒಂದು ಗಳಿಗೆ ಹಿಂಜರಿದಳು. ಮಹಾರಾಜರ ಮುಂದೆ ಕೈಮುಗಿದು ಬಿಟ್ಟದ್ದು ಊಟ, ನೀರು. ಈ ಹೊಸ್ತಿಲನ್ನು ಅವರೇನೂ ಬಿಡು ಅಂದಿರಲಿಲ್ಲ, ತಾನೇ ಸೇರಿಸಿಕೊಂಡದ್ದು. ಬಟನ್ನು ಸಿಕ್ಕಿತು. ಚಪಾತಿಯ ಡಬ್ಬಿ ತೆಗೆದುಕೊಂಡು ಹೊರಗೆ ಬಂದವಳು ಮೊಣಕಾಲು ಹಿಡಿದುಕೊಂಡು ಮಗನ ಎದುರು ನೆಲದ ಮೇಲೆ ಕೂತಳು.

"ತಾಟ ಮುಂದ ತಗಿ."

"ಸಾಕವ್ವಾ. ಆತು ನಂದು."

"ಸುಳ್ಳ ಹೇಳಬ್ಯಾಡ. ಆ ಖೋಲ್ಯಾಗ ಎಲ್ಲಾ ಕೇಳಸ್ತದ."

ಧನ್ಯಕುಮಾರನ ಮುಖ ಕೆಂಪಗಾಯಿತು. ಮೊಣಕಾಲು ಮೆಲ್ಲಗೆ ಕೆಳಗಿಳಿಯಿತು. ಶಾಲನಬಾಯಿ ಒಂದು ಚಪಾತಿ ಹಾಕಿದಳು. ಅವನು ಮುಟ್ಟಲಿಲ್ಲ. ಅಂಚಿಗೆ ಅರಿಶಿನ ಹತ್ತಿದ ಉಗುರುಗಳ ಕೈ ತಾಟಿನ ಪಕ್ಕ ಸುಮ್ಮನೆ ಬಿದ್ದಿತ್ತು.

"ನೇಮ ನಾ ತಗೊಂಡೇನಿ. ನಿನಗ್ಯಾಕ ಉಪವಾಸ? ಉಣ್ಣು," ಎಂದಳು. ದನಿ ಗದರಿದಂತೆ ಬಂತು. ಹಾಗೆ ಬರಬಾರದಿತ್ತು ಅನ್ನಿಸಿ, "ಉಣ್ಣಪಾ," ಎಂದಳು ಮತ್ತೆ.

ಧನ್ಯಕುಮಾರ ಚಪಾತಿ ಮುರಿದ. ತುತ್ತು ಬಾಯಿಯ ಹತ್ತಿರ ಹೋದಾಗ ಶಾಲನಬಾಯಿಗೆ ತನ್ನ ಕಣ್ಣುಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಗನಿಗೆ ಬೆನ್ನು ಮಾಡಿ ಟೀವಿಯ ಕಡೆ ತಿರುಗಿ ಕೂತಳು. ಯಾರೋ ಏನೋ ಹೇಳಿದರು, ಅಲ್ಲಿ ಎಲ್ಲರೂ ನಕ್ಕರು, ಅವಳಿಗೆ ಅರ್ಥವಾಗಲಿಲ್ಲ. ಹಿಂದಿನಿಂದ ಅಗಿಯುವ ಸದ್ದು ಕೇಳಿಸುತ್ತಿತ್ತು. ಡಬ್ಬಿಯಿಂದ ಇನ್ನೊಂದು ಚಪಾತಿ ತೆಗೆದು, ನೋಡದೆಯೇ, ಕೈಯನ್ನು ಹಿಂದಕ್ಕೆ ಚಾಚಿದಳು. ಆ ಕಡೆಯಿಂದ ತಾಟು ಮುಂದೆ ಸರಿಯಿತು.

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಧೂಳು ಝಾಡಿಸದ ಹಾಸಿಗೆಯ ಮೇಲೆ ಹೊಸ ಟೀವಿಯ ಬೆಳಕು ಬಿದ್ದು ಮಿನುಗುತ್ತಿತ್ತು. ಅದೇ ಜನ, ದನಿಯಿಲ್ಲದೆ, ಇನ್ನೂ ನಗುತ್ತಿದ್ದರು.